ಮಂಜುಳಾಳ ಲೆಕ್ಕ ಸರಿಯಿತ್ತು

ಮಂಜುಳಾಳ ಲೆಕ್ಕ ಸರಿಯಿತ್ತು. ಸರಿಯೆಂದು ಗೊತ್ತಿದ್ದೇ ನಾನು ತಪ್ಪೆಂದೆ. ಬಾಯಿತಪ್ಪಿ ಬಂದ ಮಾತಲ್ಲ — ಯೋಚಿಸಿಯೇ ಆಡಿದ್ದು.

ಅವಳು ಯಲ್ಲದಕೆರೆಯ ಕುರಿ ಸಾಕುವವರ ಮನೆಯವಳು, ನಾನು ಚಿಕ್ಕಜಾಜೂರಿನವಳು. ಚಿತ್ರದುರ್ಗದಲ್ಲಿ ಒಟ್ಟಿಗೆ ಓದಿ, ಆಂಧ್ರದ ಕರಾವಳಿಯಲ್ಲಿ ನೈಸರ್ಗಿಕ ಅನಿಲ ತೆಗೆಯುವ ಒಂದೇ ಕಂಪನಿಗೆ ಸೇರಿದೆವು. ಅನಿಲದ ಬಾವಿ ಮೊದಮೊದಲು ಭೋರ್ಗರೆಯುತ್ತದೆ, ಆಮೇಲೆ ಇಳಿಯುತ್ತದೆ. ಮುಂದೆ ಎಷ್ಟು ವರ್ಷ, ಎಷ್ಟು ಅನಿಲ ಬಂದೀತು — ಆರಂಭದ ಒತ್ತಡ ನೋಡಿ ಅಂದಾಜು ಮಾಡುವುದು ನಮ್ಮಿಬ್ಬರ ಕೆಲಸ. ಕಂಪನಿ ಆಗಷ್ಟೇ ಕೊರೆಸಿದ್ದ ಬಾವಿಗಳಲ್ಲಿ ಒತ್ತಡ ಆಗಲೇ ಕುಸಿಯುತ್ತಿತ್ತು. ಬೇಗನೆ ಬತ್ತುತ್ತವೆ ಎಂದು ಸಭೆಯಲ್ಲೇ ಹೇಳಿದಳು ಮಂಜುಳಾ. ನನ್ನ ಲೆಕ್ಕವೂ ಅದನ್ನೇ ಹೇಳಿತ್ತು. ಆದರೆ ನಮ್ಮ ಮುಖ್ಯಸ್ಥರಿಗೆ ಬೇಕಿದ್ದದ್ದು ಬೇರೆ. ಎದುರಿಗೆ ಹೂಡಿಕೆದಾರರು ಕೂತಿದ್ದರು. ಮುಖ್ಯಸ್ಥರು ನನ್ನನ್ನು ಕೇಳಿದರು:

"ನೀವೇನು ಹೇಳ್ತೀರಿ ಗಿರಿಜಾ?"

"ಅವಳ ಲೆಕ್ಕ ತಪ್ಪು ಸರ್. ಇಪ್ಪತ್ತು ವರ್ಷ ಅನಿಲಕ್ಕೆ ಮೋಸವಿಲ್ಲ."

ಅವಳು ನನ್ನ ಕಡೆ ತಿರುಗಿದಳು — ಆ ಮುಖ...

ಅವಳ ಕೆಲಸ ಹೋಯಿತು. ಬಾವಿಯ ಅಂದಾಜು ಬಾರದವಳು ಎಂಬ ಮಾತು ಬೇರೆ ಕಂಪನಿಗಳಿಗೂ ಮುಟ್ಟಿತು. ನನಗೆ ಬಡ್ತಿ ಸಿಕ್ಕಿತು. ಬಾವಿಗಳು ಅವಳು ಹೇಳಿದಂತೆಯೇ ಬತ್ತಿದವು. "ನೆಲದೊಳಗಿನದು ಯಾರಿಗೆ ಗೊತ್ತು" ಎಂದು ಎಲ್ಲರೂ ಕೈತೊಳೆದುಕೊಂಡರು. ಸುಳ್ಳು! ನನಗೆ ಗೊತ್ತಿತ್ತು.

ಈ ಬೇಸಿಗೆಯಲ್ಲಿ ಹಿರಿಯೂರಿಗೆ ಹೋದೆ. ಅವಳೀಗ ಅಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಬಾಗಿಲಲ್ಲೇ ನಿಂತು ಎಲ್ಲ ಒಪ್ಪಿಕೊಂಡೆ. ಅವಳು ಒಳಗೆ ಕರೆಯಲಿಲ್ಲ.

"ನನಗೆ ಗೊತ್ತಿರೋದನ್ನ ನನಗೇ ಹೇಳಾಕೆ ಬಂದೀಯೇನೇ? ನನ್ನ ಲೆಕ್ಕದ ಮೇಲೆ ನನಗೇನು ಅನುಮಾನ ಐತಾ? ಅವತ್ತು ಯಾರ ಮುಂದೆ ಅಂದ್ಯೋ, ಹೋಗಿ ಅವರ ಮುಂದೆ ಹೇಳು."

ಅದೇ ಮುಖ್ಯಸ್ಥರು ಹೊಸ ಬಾವಿಗಳಿಗಾಗಿ ಅದೇ ಹೂಡಿಕೆದಾರರನ್ನು ಕರೆಸಿದ್ದರು. ಅಂದಾಜು ಮಂಡಿಸಬೇಕಾದವಳು ನಾನೇ. ಹಳೆಯದನ್ನೂ ಹೇಳುತ್ತೇನೆ ಎಂದು ಮುಖ್ಯಸ್ಥರಿಗೆ ಮೊದಲೇ ತಿಳಿಸಿದೆ.

"ಯಾಕ್ರಿ ಕೆದಕ್ತೀರಿ? ನಿಮ್ಮ ಹೆಸರೂ ಉಳಿಯಲ್ಲ."

ಉಳಿಯದಿರಲಿ. ಅವಳ ಹೆಸರು ಕೆಡಿಸಿ ಮಾಡಿಕೊಂಡ ಹೆಸರು ಅದು.

ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಅರ್ಧದಲ್ಲಿ ಮೈಕ್ ಆಫ್ ಮಾಡಿಸಿದರು. ದನಿ ಏರಿಸಿ ಮಿಕ್ಕಿದ್ದನ್ನೂ ಹೇಳಿದೆ. ಮರುದಿನವೇ ಕೆಲಸ ಬಿಡಿಸಿದರು. ಮಂಜುಳಾ ನನ್ನ ಫೋನ್ ಎತ್ತಿಲ್ಲ, ಎತ್ತಬೇಕೆಂದೂ ಇಲ್ಲ.

"ಪಾಪ, ನಿಮ್ಮನ್ನೂ ಹೆದರಿಸಿದ್ದರೇನೋ" ಎಂದು ಈಗ ಕೆಲವರು ನನ್ನ ಪರ ಮಾತಾಡುತ್ತಾರೆ. ಬೇಡ — ಆ ಕರುಣೆ ನನಗೆ ಬೇಡ. ಅವತ್ತು ನನ್ನನ್ನು ಯಾರೂ ಹೆದರಿಸಿರಲಿಲ್ಲ. ಬಡ್ತಿಗೆ ಆಸೆಪಟ್ಟೇ ಆಡಿದೆ.