ಗಿರಾಕಿಯ ಹಸಿರು ಸೋಫಾ

ನನ್ನ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ನಮ್ಮ ಬೀದಿಯವರು ಇಟ್ಟ ಹೆಸರು ‘ಮೊಳೆ’. ಹಳೆಯ ಸೋಫಾಗಳ ಬಟ್ಟೆ ಬಿಚ್ಚಿ ಹೊಸ ಬಟ್ಟೆ ಹೊದಿಸುವುದು ಅವಳ ಕೆಲಸ. ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು, ಇನ್ನೊಂದು ಕೈಯಲ್ಲಿ ಸುತ್ತಿಗೆ ಇರಬೇಕು. ಮೊಳೆ ಹಿಡಿಯಲು ಮೂರನೆಯ ಕೈ ಇಲ್ಲ. ಹಾಗಾಗಿ ಅತ್ತೆ ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದರೆ ಸುತ್ತಿಗೆಯ ಅಯಸ್ಕಾಂತದ ತುದಿ ಅದನ್ನು ಎತ್ತಿಕೊಳ್ಳುತ್ತಿತ್ತು.

“ಇವಳ ಬಾಯಲ್ಲಿ ಮೊಳೆ ಇರೋವರೆಗೂ ನಾವೆಲ್ಲ ಕ್ಷೇಮ,” ಎಂದು ಅಪ್ಪ ನಗುತ್ತಿದ್ದ. “ತೆಗೆದಳೋ, ನಮಗೇ ಹೊಡೀತಾಳೆ.”

ಕೆಳಗೆ ಅವಳ ಅಂಗಡಿ, ಅಂಗಡಿಯ ಹಿಂದೆ ಒಂದು ಕೋಣೆ ಮತ್ತು ಅಡುಗೆಮನೆ. ಮೇಲೆ ನಾವು. ಅವಳ ಮನೆಯಲ್ಲಿ ಸೋಫಾ ಇರಲಿಲ್ಲ. ಎರಡು ಮರದ ಕುರ್ಚಿ, ಒಂದು ಮಂಚ, ಅಷ್ಟೇ. ದಿನವಿಡೀ ಊರವರ ಸೋಫಾ ಮಗುಚಿದವಳಿಗೆ ಸಂಜೆಯೂ ಅದರ ಮುಖ ನೋಡುವುದು ಬೇಡವಾಗಿತ್ತು. ಅಂಗಡಿಯಲ್ಲಿ ಅವಳದು ಎರಡು ಕಟ್ಟುನಿಟ್ಟಿನ ನಿಯಮ. ಗಿರಾಕಿಯ ಸೋಫಾದ ಮೇಲೆ ಯಾರೂ ಕೂರುವಂತಿಲ್ಲ. ಸೋಫಾದ ಸಂದಿಯಲ್ಲಿ ಸಿಕ್ಕಿದ್ದು ಬಳಪದ ಚೂರಾದರೂ ಸರಿ, ಮಗುವಿನ ಹಾಲುಹಲ್ಲಾದರೂ ಸರಿ, ಒಂದು ಬಟ್ಟೆಚೀಲಕ್ಕೆ ಹಾಕಿ ಸೋಫಾದ ಕಾಲಿಗೆ ಕಟ್ಟಿಯೇ ವಾಪಸು ಕಳಿಸಬೇಕು.

ಮಾವ ಬೇರೆ ದೇಶದವನು, ಬಸ್ಸಿನ ಮೆಕ್ಯಾನಿಕ್. ಅತ್ತೆಗೆ ಇಲ್ಲಿ ಕಾಯಂ ಆಗಿ ಇರುವ ಹಕ್ಕಿತ್ತು, ಅವನಿಗೆ ಇರಲಿಲ್ಲ. ಮದುವೆ ನೋಂದಾಯಿಸಿದ ಮೇಲೆ ಅತ್ತೆಯೇ ಅವನಿಗೆ ಸ್ಪಾನ್ಸರ್ ಆಗಿ ವಲಸೆ ಕಚೇರಿಗೆ ಅರ್ಜಿ ಹಾಕಿದಳು. ಅದು ತೀರ್ಮಾನವಾಗುವವರೆಗೆ ಅವನು ಇಲ್ಲಿರಬಹುದು, ದುಡಿಯುವಂತಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಬಸ್ಸುಗಳ ಗ್ಯಾರೇಜು ಇದೆ. ಅದರ ಮಾಲೀಕರು ಮಾವನ ಕೈಗಳನ್ನು ತಿರುಗಿಸಿ ನೋಡಿ, “ಕಾಗದ ಬಂದ ದಿನವೇ ಬಾ,” ಎಂದಿದ್ದರು. ಮಾವ ದಿನಾ ಬೆಳಿಗ್ಗೆ ಅಲ್ಲಿಯವರೆಗೆ ನಡೆದು, ಗೇಟು ಮುಟ್ಟಿ ಬರುತ್ತಿದ್ದ.

ಅವನ ಜೇಬಿನಲ್ಲಿ ಯಾವಾಗಲೂ ಬೇರಿಂಗಿನ ಒಂದು ಉಕ್ಕಿನ ಗುಂಡು ಇರುತ್ತಿತ್ತು. ಸುಮ್ಮನೆ ಕೂತಾಗ ಅದನ್ನು ಬೆರಳುಗಳ ನಡುವೆ ಉರುಳಿಸುತ್ತಿದ್ದ. ಮೊದಲ ವರ್ಷ ಮನೆಯ ಬಾಗಿಲು, ನಲ್ಲಿ, ನಮ್ಮ ಮೆಟ್ಟಿಲಿನ ಕಂಬಿ ಎಲ್ಲ ರಿಪೇರಿಯಾದವು. ಎರಡನೆಯ ವರ್ಷ, ಸರಿ ಇದ್ದದ್ದೂ ರಿಪೇರಿಯಾಗತೊಡಗಿತು. ಒಂದು ದಿನ ಅವನು ಅತ್ತೆಯ ಹೊಲಿಗೆ ಯಂತ್ರವನ್ನು ಪೂರ್ತಿ ಬಿಚ್ಚಿ ಜೋಡಿಸಿದ. ಅದು ಮೊದಲಿಗಿಂತ ಮೆತ್ತಗೆ ಓಡಿತು, ಆದರೆ ದಪ್ಪ ಬಟ್ಟೆಗೆ ಹೊಲಿಗೆ ಬೀಳಲಿಲ್ಲ.

“ನಿಮ್ಮನ್ನ ಯಾರು ಮುಟ್ಟೋಕೆ ಹೇಳಿದ್ದು?”

“ಸದ್ದು ಮಾಡ್ತಿತ್ತಲ್ಲ.”

“ಸದ್ದು ಮಾಡ್ಕೊಂಡೇ ಅನ್ನ ಹಾಕ್ತಿತ್ತು ರೀ ಅದು!”

ಆ ಜಗಳ ಯಂತ್ರದಲ್ಲಿ ಶುರುವಾಗಿ ಎಲ್ಲೆಲ್ಲೋ ಹೋಯಿತು. ಕೊನೆಗೆ ಅತ್ತೆ ಕೇಳಿದಳು: “ನಿಜ ಹೇಳಿ. ನೀವು ಕಾಯ್ತಿರೋದು ನನ್ನ ಜೊತೆ ಬಾಳೋದಕ್ಕೋ, ಆ ಕಾಗದಕ್ಕೋ?”

ಬೇರೆ ಯಾರಾದರೂ ‘ನಿನ್ನ ಜೊತೆ ಬಾಳೋದಕ್ಕೇ’ ಎಂದು ತಕ್ಷಣ ಹೇಳಿಬಿಡುತ್ತಿದ್ದರು. ಮಾವ ಯೋಚಿಸಿದ. “ಮೊದಲು ಗೊತ್ತಿತ್ತು,” ಅಂದ. “ಈಗ ನಂಗೂ ಗೊತ್ತಾಗ್ತಿಲ್ಲ.”

ಅತ್ತೆಗೆ ಕೋಪ ಬಂದಿದ್ದರೆ ಆಗುತ್ತಿತ್ತು, ಬರಲಿಲ್ಲ. ಅವನ ಜೊತೆ ಯಾಕಿದ್ದೇನೆಂದು ತನಗೂ ಗೊತ್ತಾಗುತ್ತಿಲ್ಲ ಎಂದು ಆಗಲೇ ತಿಳಿಯಿತಂತೆ. ಅಂದಿನಿಂದ ಮಾವನ ಹಾಸಿಗೆ ಅಂಗಡಿಗೆ ಹೋಯಿತು, ಕತ್ತರಿಸುವ ಮೇಜಿನ ಕೆಳಗೆ. ಊಟ ಮಾತ್ರ ಒಟ್ಟಿಗೆ. ಇದೆಲ್ಲ ನಮಗೆ ಆಗ ತಿಳಿಯಲಿಲ್ಲ, ಆಮೇಲೆ ಅತ್ತೆಯೇ ಹೇಳಿದ್ದು. ಅವಳು ಹೇಳಿದಷ್ಟನ್ನೇ ಬರೆದಿದ್ದೇನೆ.

ಸಂಬಂಧ ಮುಗಿದರೆ ಕಚೇರಿಗೆ ತಿಳಿಸಬೇಕು ಎಂದು ಅರ್ಜಿಯಲ್ಲೇ ಇತ್ತು. ತಿಳಿಸಿದರೆ ಮಾವ ಹೊರಡಬೇಕು. ಅವನು ಒಂದೇ ಒಂದು ಸಲ ಕೇಳಿದ:

“ಕಚೇರೀಲಿ ಗಂಡ ಹೆಂಡತಿ ಇಬ್ಬರಿಗೂ ಇರೋ ಸಂದರ್ಶನ ಒಂದು ಮುಗಿಸ್ಕೊಡ್ತೀಯಾ? ಆಮೇಲೆ ನಿನ್ನ ದಾರಿಗೆ ನಾನು ಬರಲ್ಲ. ಗ್ಯಾರೇಜಿನ ಹಿಂದೆ ಒಂದು ಕೋಣೆ ಇದೆಯಂತೆ.”

ಅತ್ತೆಯ ಬಾಯಲ್ಲಿ ಮೊಳೆಗಳಿದ್ದವು. ತಲೆ ಆಡಿಸಿದಳು.

ಸಂದರ್ಶನದ ದಿನ ಇಬ್ಬರೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೊರಟರು. “ಮದುವೆಗೂ ಇಷ್ಟು ನೀಟಾಗಿ ಹೋಗ್ಲಿಲ್ಲವಲ್ಲ ಭಾವ!” ಎಂದು ಅಪ್ಪ ಮೆಟ್ಟಿಲಿನಿಂದ ಕೂಗಿದ. ಮಾವ ನಕ್ಕ.

ಕಚೇರಿಯಲ್ಲಿ ಒಬ್ಬರಾದ ಮೇಲೆ ಒಬ್ಬರನ್ನು ಒಳಗೆ ಕರೆದರು. ಅಧಿಕಾರಿ ನೆಗಡಿ ಹಿಡಿದ ಹೆಂಗಸು, ಕೆಟ್ಟವಳಲ್ಲ. ನಿಮ್ಮ ಹೆಂಡತಿ ಚಹಾಕ್ಕೆ ಸಕ್ಕರೆ ಹಾಕ್ತಾರಾ? ಗಂಡ ಯಾವ ಮಗ್ಗುಲಿಗೆ ಮಲಗ್ತಾರೆ? ಯಾರು ಮೊದಲು ಏಳೋದು? ಎಲ್ಲವೂ ತಾಳೆಯಾಯಿತು. ಒಬ್ಬರ ಮೇಲೊಬ್ಬರಿಗಿದ್ದ ಮನಸ್ಸು ಹೋದ ಮೇಲೂ ಗೊತ್ತಿದ್ದದ್ದು ಹೋಗಿರಲಿಲ್ಲ. ಕಡೆಗೆ ಅಧಿಕಾರಿ ಅತ್ತೆಯನ್ನು ಮತ್ತೆ ಒಳಗೆ ಕರೆದಳು.

“ಒಂದು ಸಣ್ಣ ವಿಷಯ. ಮನೆಯ ಸೋಫಾ ಯಾವ ಬಣ್ಣ ಅಂತ ಕೇಳಿದ್ದಕ್ಕೆ ನೀವು ಸೋಫಾನೇ ಇಲ್ಲ ಅಂದ್ರಿ. ಅವರು ಹಸಿರು ಅಂದ್ರು.”

“ಹಸಿರಾ? ಅಯ್ಯೋ, ಅದು ಗಿರಾಕಿದು! ನಮ್ಮದು ಸೋಫಾ ರಿಪೇರಿ ಅಂಗಡಿ ಅಲ್ವಾ.”

ಅಧಿಕಾರಿಗೂ ನಗು ಬಂತು. ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಅವಳು ಮೂಗು ಒರೆಸಿಕೊಳ್ಳುತ್ತಾ, ಕುತೂಹಲಕ್ಕೆ ಎಂಬಂತೆ ಕೇಳಿದಳು: “ಗಿರಾಕಿ ಸೋಫಾನ ಮನೇದು ಅಂತ ಯಾಕೆ ಹೇಳಿದ್ರು?”

ಅತ್ತೆಗೆ ಆ ಕ್ಷಣದಲ್ಲಿ ಹೊಳೆಯಿತು. ಹೊಸ ಬಟ್ಟೆ ಹೊದಿಸಿದ ಆ ಹಸಿರು ಸೋಫಾವನ್ನು ಗಿರಾಕಿ ಬಂದು ಒಯ್ಯುವುದು ತಡವಾಗಿತ್ತು. ಮೇಜಿನ ಕೆಳಗಿನ ನೆಲ ತಣ್ಣಗಿತ್ತು. ಯಾರೂ ಕೂರಬಾರದು ಎಂದು ತಾನು ಹೇಳಿದ್ದ ಸೋಫಾದ ಮೇಲೆ ಅವನು ಮಲಗುತ್ತಿದ್ದ. ಅವಳು ಏಳುವ ಮೊದಲೇ ಎದ್ದು ಸುಕ್ಕು ತೀಡಿರುತ್ತಿದ್ದ.

“ಅವರು ಅದರ ಮೇಲೆ ಮಲಗ್ತಾರೆ,” ಅಂದಳು.

“ಯಾಕೆ?”

ಬಾಯಲ್ಲಿ ಮೊಳೆ ಇರಲಿಲ್ಲ. ಅತ್ತೆ ಹೇಳಿಬಿಟ್ಟಳು. ಹೇಳುವಾಗ ಅಳಲಿಲ್ಲವಂತೆ. ಎಲ್ಲ ಕೇಳಿಸಿಕೊಂಡ ಅಧಿಕಾರಿ ಪೆನ್ನು ಕೆಳಗಿಟ್ಟು, “ಒಂದು ಲೋಟ ನೀರು ತರಿಸಲಾ?” ಎಂದು ಕೇಳಿದಳು. ಅತ್ತೆ ಬೇಡ ಅಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟಿನಲ್ಲಿ ಜಾಗ ಸಿಕ್ಕಿತು.

“ಹೇಳ್ಬಿಟ್ಯಾ?” ಎಂದು ಮಾವ ಕೇಳಿದ.

“ಹೇಳ್ಬಿಟ್ಟೆ.”

ಅವನು ಜೇಬಿನಲ್ಲಿ ಏನನ್ನೋ ತಡಕಿ, ಸಿಗದೆ ಕೈ ಹೊರಗೆ ತೆಗೆದ.

“ಹಸಿರು ಅಂತ ಯಾಕಂದ್ರಿ? ಇಲ್ಲ ಅಂದಿದ್ರೆ ಮುಗೀತಿತ್ತಲ್ಲ.”

“ಮನೆ ಅಂದ್ರಲ್ಲ ಅವರು,” ಅಂದ ಮಾವ. “ನಂಗೆ ಅದೇ ಕಣ್ಮುಂದೆ ಬಂತು.” ಆಮೇಲೆ ಎಂಜಿನ್ನಿನ ಕಡೆ ಕಿವಿಗೊಟ್ಟು ಹೇಳಿದ: “ಗೇರ್ ಬದಲಾಯಿಸುವಾಗ ಸದ್ದು ಕೇಳಿದ್ಯಾ? ಈ ಬಸ್ಸಿನ ಕ್ಲಚ್ಚು ಬಹಳ ದಿನ ಬರಲ್ಲ.”

ಅರ್ಜಿ ತಿರಸ್ಕಾರವಾಯಿತು. ಮಾವ ಹೋಗುವ ದಿನ ಅಪ್ಪ ಅತ್ತೆಯ ಮೇಲೆ ರೇಗಾಡಿದ. “ಒಂದು ಸುಳ್ಳು ಹೇಳಿದ್ರೆ ನಾಲಿಗೆ ಬಿದ್ದು ಹೋಗ್ತಿತ್ತೇನೇ? ಗೇಟಿನ ತನಕ ಬಂದವನನ್ನ ತಳ್ಳಿಬಿಟ್ಟೆಯಲ್ಲ!”

“ಬಿಡಿ ಭಾವ,” ಅಂದ ಮಾವ. “ಅವತ್ತು ಇವಳು ಕೇಳಿದಾಗ ನಾನೂ ಒಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.” ಅಪ್ಪನಿಗೆ ಅದು ಅರ್ಥವಾಗಲಿಲ್ಲ. ಅತ್ತೆಗೆ ಆಯಿತು. ಅವಳು ಒಳಗೆ ಹೋಗಿ ಅಡುಗೆಮನೆಯ ನಲ್ಲಿ ತೆರೆದು ಮತ್ತೆ ಮುಚ್ಚಿದಳು. ಅವನು ರಿಪೇರಿ ಮಾಡಿದ ನಲ್ಲಿ. ಹನಿಯೂ ಸೋರುತ್ತಿರಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಹಸಿರು ಸೋಫಾದ ಗಿರಾಕಿ ಅಂಗಡಿಗೆ ಬಂದರು. ವಯಸ್ಸಾದ ಶಿಕ್ಷಕಿ. ಅತ್ತೆ ಒಂದು ಕುರ್ಚಿಯ ಬೆನ್ನಿಗೆ ಬಟ್ಟೆ ಎಳೆದು ಹಿಡಿದಿದ್ದಳು.

“ನೀವು ನಮ್ಮ ಸಾಮಾನೆಲ್ಲ ಚೀಲದಲ್ಲಿ ಕಟ್ಟಿ ಕೊಟ್ಟಿದ್ರಿ,” ಎಂದರು ಅವರು. “ಈಗ ನಮ್ಮದಲ್ಲದ್ದು ಒಂದು ಸಿಕ್ತು ನೋಡಿ. ಕೈಯಿಡುವ ಪಟ್ಟಿಯ ಸಂದೀಲಿತ್ತು. ನಿಮ್ಮ ಕೆಲಸದವರದ್ದಿರಬೇಕು ಅಂತ ತಂದೆ.” ಅವರ ಅಂಗೈಯಲ್ಲಿ ಉಕ್ಕಿನ ಗುಂಡಿತ್ತು. “ಯಾರದಮ್ಮ ಇದು?”

ಅತ್ತೆಯ ಬಾಯಿ ತುಂಬ ಮೊಳೆ. ಅವುಗಳನ್ನು ಉಗುಳಿ ಉತ್ತರ ಕೊಡಬಹುದಿತ್ತು. ಅವಳು ಸುತ್ತಿಗೆ ಕೆಳಗಿಟ್ಟು ಕೈ ಚಾಚಿ ಗುಂಡನ್ನು ತೆಗೆದುಕೊಂಡಳು. ಬಟ್ಟೆ ಹಿಡಿದ ಎಡಗೈ ಮಾತ್ರ ಬಿಡಲಿಲ್ಲ. ಬಿಟ್ಟರೆ ಅಷ್ಟು ಹೊತ್ತು ಎಳೆದದ್ದೆಲ್ಲ ಸಡಿಲವಾಗುತ್ತದೆ.

ಶಿಕ್ಷಕಿ ಚೀಲವನ್ನು ಹೆಗಲಿಗೆ ಏರಿಸಿಕೊಂಡರು. ಆಮೇಲೆ, “ಸೋಫಾ ತುಂಬ ಚೆನ್ನಾಗಿದೆಯಮ್ಮ. ಕೂತರೆ ನಿದ್ದೆ ಬರುತ್ತೆ,” ಎಂದು ಹೇಳಿ ಹೊರಟುಹೋದರು.