ಐದು-ಒಂಬತ್ತು-ಒಂಬತ್ತು ಎಂದು ಬರೆದ ಬೆಳಗುಗಳು

ಡಾಕ್ಟರು ನನ್ನ ಗುರುಗಳ ಗಂಟಲು ಕೊಯ್ದು ಧ್ವನಿಪೆಟ್ಟಿಗೆ ತೆಗೆದ ಮೇಲೆ ಅವರಿಗೆ ಮಾತಾಡಲು ಎರಡೇ ದಾರಿ ಉಳಿದವು. ಮನೆಯವರ ಜೊತೆಗಾದರೆ ಪಾಟಿಯ ಮೇಲೆ ಬಳಪದಿಂದ ಬರೆಯುವುದು. ನನ್ನ ಜೊತೆಗಾದರೆ ಹವ್ಯಾಸಿಗಳ ಹ್ಯಾಮ್ ರೇಡಿಯೋದಲ್ಲಿ ಚುಕ್ಕೆ-ಗೆರೆಯ ಮೋರ್ಸ್ ಕೀಲಿ ಕುಟ್ಟುವುದು. ಅವರು ಗಡಹಿಂಗ್ಲಜದಲ್ಲಿದ್ದಾರೆ, ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರಾಗಿದ್ದವರು. ನಾನು ಅವರ ಕೈಯಲ್ಲೇ ಮೋರ್ಸ್ ಕಲಿತು, ಲೈಸೆನ್ಸ್ ಪಡೆದು, ಈಗ ಇಚಲಕರಂಜಿಯಲ್ಲಿ ಮಗ್ಗದ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡವನು.

ಆಸ್ಪತ್ರೆಯಿಂದ ಮನೆಗೆ ಬಂದವರೇ ಅವರು ಒಂದು ನೇಮ ಹಿಡಿದರು. ಮುಂಜಾನೆ ಲಿಂಗಪೂಜೆ ಮುಗಿಸುವುದು, ಏಳಕ್ಕೆ ಸರಿಯಾಗಿ ರೇಡಿಯೋದಲ್ಲಿ ಒಂದು ಸಂಪರ್ಕ ಮಾಡುವುದು, ಅದನ್ನು ಲಾಗ್ ಪುಸ್ತಕದಲ್ಲಿ ಬರೆಯುವುದು, ಆಮೇಲೆಯೇ ಉಪ್ಪಿಟ್ಟು. ಒಂದು ದಿನವೂ ತಪ್ಪಬಾರದು. "ಗಾಳಿ ಮ್ಯಾಲ ನಾ ಮೂಕ ಅಲ್ಲ" ಎಂದು ಪಾಟಿಯ ಮೇಲೆ ಬರೆದು ನನಗೆ ತೋರಿಸಿದ್ದರು. ಅವರ ಸೆಟ್ಟು ಸ್ವಂತ ಕೈಯಿಂದ ಮಾಡಿದ್ದು, ಶಕ್ತಿ ಐದು ವ್ಯಾಟ್, ಸೈಕಲ್ ದೀಪಕ್ಕೂ ಅದಕ್ಕೂ ಬಹಳ ಫರಕಿಲ್ಲ. ಅಂಥ ಸಣ್ಣ ಸಪ್ಪಳವನ್ನು ದಿನಾ ಹಿಡಿಯುವ ಕಿವಿ ಒಂದು ಬೇಕಿತ್ತು. ನಾನು ಇದ್ದೇನಲ್ಲ ಎಂದೆ.

ಮೊದಲ ಎರಡು ವರ್ಷ ಸುರಳೀತ ನಡೆಯಿತು. ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಕನ್ನಡ. ಮೊಮ್ಮಗಳಿಗೆ ಹಲ್ಲು ಬಂದದ್ದು, ಆಜರಾ ಅಕ್ಕಿಯ ಗಂಜಿ ಈಗ ನುಂಗಲು ಬರುವುದು, ಬೀಗರ ಜಗಳ, ಎಲ್ಲ ಟಿಕ್-ಟಿಕ್ ಎಂದು ಬರುತ್ತಿತ್ತು. ಕೊನೆಗೆ ಅವರದೊಂದು ರೂಢಿ: ಎರಡು ಚುಕ್ಕೆ, ಟಿಕ್ ಟಿಕ್, ಅಂದರೆ ನನ್ನದು ಮುಗಿಯಿತು, ನೀನು ಹೇಳು. ನಾನೂ ಲಾಗ್ ತುಂಬುತ್ತಿದ್ದೆ. ಅದರಲ್ಲಿ ಇಂಗ್ಲೆಂಡಿನ ವೇಳೆ ಬರೆಯುವುದು ಕ್ರಮ. "ಚಾ ಕುಡಿಯೂದು ಇಲ್ಲೆ, ಗಡಿಯಾರ ಅಲ್ಲಿಂದು" ಎಂದು ನನ್ನ ಹೆಂಡತಿ ನಗುತ್ತಾಳೆ. ಅಕ್ಷರ ಮಾತ್ರ ಮುತ್ತಿನಂಥವು. ಹಮ್ಮು ಎನ್ನಿ ಬೇಕಾದರೆ.

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ರೇಡಿಯೋದಲ್ಲಿ ಗದ್ದಲ ಶುರುವಾಯಿತು. ಗರ್ರ್ ಎಂದು ಒಂದೇ ಸಮ. ಗುರುಗಳ ಸಪ್ಪಳ ಅದರ ಕೆಳಗೆ ಹೂತುಹೋಯಿತು. ಮೊದಲ ದಿನ ಮತ್ತೊಮ್ಮೆ ಹೇಳಿ ಎಂದೆ, ಹೇಳಿದರು. ಮತ್ತೊಮ್ಮೆ ಎಂದೆ, ಹೇಳಿದರು. ಮೂರನೆಯ ಸಲ ಅವರ ಕೈ ಸೋತು ಅಕ್ಷರಗಳು ಎಳೆಯತೊಡಗಿದವು. ಎಪ್ಪತ್ತೆಂಟರ ಮುದುಕ, ಉಪವಾಸ ಕೂತು ಕುಟ್ಟುತ್ತಿದ್ದಾನೆ. ನನಗೆ ನಾಚಿಕೆ ಆಯಿತು. ಮರುದಿನ ಅಷ್ಟಿಷ್ಟೇ ಕೇಳಿಸಿದರೂ ಟಿಕ್ ಟಿಕ್ ಬರುವವರೆಗೆ ಕಾದು, "ಸಿಕ್ಕಿತು, ಐದು-ಒಂಬತ್ತು-ಒಂಬತ್ತು, ಭಾಳ ಚಲೋ, ನಮಸ್ಕಾರ" ಎಂದು ಕಳಿಸಿಬಿಟ್ಟೆ.

ಆ ಮೂರಂಕಿಯ ಅರ್ಥ ಇಷ್ಟೇ: ನಿಮ್ಮ ಅಕ್ಷರ ಸ್ಪಷ್ಟ, ಬಲ ಪೂರ್ತಿ, ನಾದ ಶುದ್ಧ. ಹತ್ತರಲ್ಲಿ ಒಂಬತ್ತು ಜನ ಹ್ಯಾಮ್‌ಗಳು ಕೇಳಲಿ ಬಿಡಲಿ ಇದನ್ನೇ ಕೊಡುತ್ತಾರೆ. ಮದುವೆಮನೆಯಲ್ಲಿ ಊಟ ಹ್ಯಾಂಗಾತ್ರಿ ಎಂದರೆ ಯಾರಾದರೂ ಸಾರಿಗೆ ಉಪ್ಪಿಲ್ಲ ಎನ್ನುತ್ತಾರೆಯೇ? ಸೌಜನ್ಯ. ನಾನೂ ಸೌಜನ್ಯವಂತನಾದೆ. ಕೇಳಿದ ದಿನವೂ ಐದು-ಒಂಬತ್ತು-ಒಂಬತ್ತು, ಕೇಳದ ದಿನವೂ ಅದೇ. ಲಾಗ್‌ನಲ್ಲೂ ಹಾಗೇ ಬರೆದೆ, ಚೆಂದದ ಅಕ್ಷರದಲ್ಲಿ.

ಬರೆದು ಸುಮ್ಮನೆ ಕೂಡಲಿಲ್ಲ, ಅದನ್ನಾದರೂ ನಂಬಿ. ಗದ್ದಲ ಓಡಿಸಲು ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಲು ಉಪ್ಪು ಸುರಿದು ಅರ್ಥಿಂಗಿಗೆಂದು ತಾಮ್ರದ ಸರಳು ಹುಗಿದೆ. ಏನೂ ಆಗಲಿಲ್ಲ. ಮಾಳಿಗೆಯ ಮೇಲಿನ ಆಂಟೆನಾ ತಂತಿ ಬದಲಿಸಿದೆ. ಒಂದು ದಿನ ಕಡಿಮೆ ಅನ್ನಿಸಿತು, ಮರುದಿನ ಮತ್ತೆ ಅದೇ ಗರ್ರ್. ಯಾವುದರಿಂದ ಕಡಿಮೆಯಾಯಿತು, ಯಾವುದರಿಂದ ಹೆಚ್ಚಾಯಿತು, ತಲೆಬುಡ ತಿಳಿಯಲಿಲ್ಲ. ಸಿಟ್ಟಿಗೆ ಒಮ್ಮೆ ಇಕ್ಕಳ ಎಸೆದೆ, ಅದು ಹೋಗಿ ಹೆಂಡತಿಯ ತುಳಸಿ ಕಟ್ಟೆಗೆ ಬಡಿಯಿತು. ಎರಡು ದಿನ ಮಾತಿಲ್ಲ.

ಕೊಲ್ಹಾಪುರದಲ್ಲಿ ನನಗೊಬ್ಬ ಹ್ಯಾಮ್ ಗೆಳೆಯನಿದ್ದಾನೆ, ಆಸ್ಪತ್ರೆಯ ಯಂತ್ರ ರಿಪೇರಿ ಮಾಡುವವನು, ಮರಾಠಿ ಮನುಷ್ಯ. ಲಾಗ್ ಬಗಲಲ್ಲಿಟ್ಟುಕೊಂಡು ಅವನ ಹತ್ತಿರ ಹೋದೆ. ಅವನು ಸರಳವಾಗಿ ಯೋಚಿಸುವವನು: ಯಾವ ದಿನ ಗದ್ದಲ ಹೆಚ್ಚು, ಯಾವ ದಿನ ಇಲ್ಲ ಎಂದು ಲಾಗ್ ನೋಡಿದರೆ ಕಳ್ಳ ಸಿಗುತ್ತಾನೆ. ಪುಟ ತಿರುಗಿಸಿದ, ಇನ್ನೊಂದು ತಿರುಗಿಸಿದ, ನಗತೊಡಗಿದ.

"ಸಗಳೇಚ್ ಪಾಚ್ ನಊ ನಊ! ಹೇ ಲಾಗ್ ಆಹೇ ಕೀ ಲಗ್ನಪತ್ರಿಕಾ?"

ಎಲ್ಲವೂ ಐದು-ಒಂಬತ್ತು-ಒಂಬತ್ತು, ಇದು ಲಾಗೋ ಮದುವೆಯ ಆಮಂತ್ರಣವೋ ಎಂದು ಕೇಳುತ್ತಿದ್ದ. ನಾನೂ ನಕ್ಕೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಕೈ ತಾನೇ ಪುಸ್ತಕ ಮುಚ್ಚಿತು. ಅವನು ಕಡೆಗೆ ಒಂದು ಉಪಾಯ ಹೇಳಿದ: ಕಿಸೆಯ ಟ್ರಾನ್ಸಿಸ್ಟರ್ ಹಚ್ಚಿಕೊಂಡು ಓಣಿಯಲ್ಲಿ ತಿರುಗು, ಎಲ್ಲಿ ಜೋರಾಗಿ ಕಿರುಚುತ್ತದೋ ಅಲ್ಲೇ ಕಳ್ಳ.

ಕಿರುಚಿದ್ದು ಪಕ್ಕದ ಮನೆಯವರ ಮಗ್ಗದ ಶೆಡ್ಡಿನಲ್ಲಿ. ಅವರು ಹೊಸದಾಗಿ ಹಾಕಿಸಿದ ಅಗ್ಗದ ಎಲ್‌ಇಡಿ ಟ್ಯೂಬುಗಳ ಕೆಳಗೆ ಹೋದ ಕೂಡಲೇ ಟ್ರಾನ್ಸಿಸ್ಟರಿನಲ್ಲಿ ಅದೇ ಗರ್ರ್. ಅವರು ಕೊರೋಚಿ ಕಡೆಯವರು, ಬಾಯಿ ಜೋರು, ಮನಸ್ಸು ಮೆತ್ತಗೆ.

"ಅಲ್ರೀ, ನಮ್ಮ ಟ್ಯೂಬಿಗೂ ನಿಮ್ಮ ರೇಡಿಯೋಕ್ಕೂ ಏನ ಬೀಗಸ್ತನರೀ?" ಎಂದರು.

"ಏಳಕ್ಕ ನಮ್ಮ ಮಾಸ್ತರ್ರು ಮಾತಾಡ್ತಾರ್ರಿ. ನನಗ ಕೇಳ್ಸವಲ್ದು."

"ಮಾಸ್ತರ್ರಂದ್ರ ಗಂಟಲ ತಗಿಸಿಕೊಂಡವರs? ಮೊದಲs ಹೇಳಬಾರದೇನ್ರೀ ಮಾರಾಯರs!"

ಅಂದು ಸಂಜೆಯೇ ಎಲ್ಲ ಟ್ಯೂಬ್ ಬದಲಾದವು. ರೇಡಿಯೋ ಹಚ್ಚಿದರೆ, ಅಬ್ಬಾ, ತೊಳೆದಿಟ್ಟ ತಾಟಿನಂತೆ ಸ್ವಚ್ಛ. ಕೇರಳದವರು, ಶ್ರೀಲಂಕಾದವರು, ಎಂದೂ ಕೇಳದ ದೂರದವರೆಲ್ಲ ಪಕ್ಕದಲ್ಲಿ ಕೂತಂತೆ. ನಾಲ್ಕು ತಿಂಗಳ ಮೇಲೆ ಗುರುಗಳ ಮಾತು ಪೂರ್ತಿ ಕೇಳುತ್ತೇನೆ ಎಂದು ಹಿಗ್ಗಿ ಮಲಗಿದೆ.

ಮರುದಿನ ಏಳಕ್ಕೆ ಗಡಹಿಂಗ್ಲಜ ಕೇಳಿಸಲಿಲ್ಲ.

ನನ್ನ ತಲೆ ಕೆಟ್ಟದ್ದು ಆವಾಗ. ಲಂಕೆ ಕೇಳುತ್ತದೆ, ನಿಪ್ಪಾಣಿಯ ಆಚೆಯ ಊರು ಕೇಳುವುದಿಲ್ಲವೇ? ತಂತಿ ಬಹಳ ಎತ್ತರವಾದರೆ ಹತ್ತಿರದವರ ಸಪ್ಪಳ ತಲೆಯ ಮೇಲಿಂದ ದಾಟಿ ಹೋಗುತ್ತದೆ ಎಂದು ಓದಿದ್ದೆ. ತಂತಿ ಇಳಿಸಿದೆ. ಇಲ್ಲ. ದಿಕ್ಕು ಬದಲಿಸಿದೆ. ಇಲ್ಲ. ಮತ್ತೆ ಏರಿಸಿದೆ. "ಅದs ತಂತಿಗೆ ನಾಕ ಸೀರಿ ಹಾಕ್ರಿ, ಒಣಗ್ಯಾರೆ ಒಣಗ್ಯಾವು" ಎಂದಳು ಹೆಂಡತಿ. ನನಗೆ ನಗು ಬರಲಿಲ್ಲ. ಅವರು ಅಲ್ಲಿ ಕುಟ್ಟುತ್ತಿದ್ದಾರೆ, ನನ್ನ ಸ್ಟೇಷನ್ನಿಗೇ ಏನೋ ಹೊಸ ರೋಗ ಬಂದಿದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅವರ ಮನೆಯವರಿಗೆ ಫೋನು ಮಾಡಬಹುದಿತ್ತು. ಹೆಂಡತಿಯೂ ಅದನ್ನೇ ಅಂದಳು, ನಾನು ಹರಿಹಾಯ್ದೆ. ಮಾಡಿ ಏನು ಕೇಳಲಿ? ಕೇಳಿಸುತ್ತಿಲ್ಲ ಎಂದರೆ, ಮತ್ತೆ ನಾಲ್ಕು ತಿಂಗಳು ಐದು-ಒಂಬತ್ತು-ಒಂಬತ್ತು ಹೆಂಗೆ ಕೊಟ್ಟೆಯೋ ಎನ್ನುವುದಿಲ್ಲವೇ? ಹಾಗಾಗಿ ನಾನು ಮಾಡಿದ್ದನ್ನು ಹೇಳಲು ಇವತ್ತಿಗೂ ಮುಖ ಇಲ್ಲ. ಅವರ ನೇಮ ತಪ್ಪಬಾರದೆಂದು ದಿನಾ ಏಳಕ್ಕೆ ಐದು ನಿಮಿಷ ಆ ಸ್ವಚ್ಛ ಮೌನವನ್ನು ಕೇಳಿ, ಅಂದಾಜಿನ ಮೇಲೆ "ಸಿಕ್ಕಿತು, ಐದು-ಒಂಬತ್ತು-ಒಂಬತ್ತು, ಭಾಳ ಚಲೋ" ಎಂದು ಕಳಿಸಿದೆ. ಒಂಬತ್ತು ದಿನ. ಲಾಗ್‌ನಲ್ಲೂ ಬರೆದೆ.

ಹತ್ತನೆಯ ದಿನ ತಡೆಯಲಾಗದೆ, ಸಂಕೇಶ್ವರದಲ್ಲಿ ಬಸ್ಸು ಬದಲಿಸಿ ಗಡಹಿಂಗ್ಲಜಕ್ಕೆ ಹೋದೆ. ಅವರ ಮನೆಯ ಮೇಲೆ ಕೋಣೆ ಕಟ್ಟುವ ಕೆಲಸ ನಡೆದಿತ್ತು. ಆಂಟೆನಾದ ಕಬ್ಬಿಣದ ಕಂಬ ಕಂಪೌಂಡಿನ ಗೋಡೆಯ ಪಕ್ಕ ಉದ್ದಕ್ಕೆ ಮಲಗಿತ್ತು. ತಂತಿಯನ್ನು ಯಾರೋ ನೀಟಾಗಿ ಸುತ್ತಿಟ್ಟಿದ್ದರು. ಗುರುಗಳು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದವರು ನನ್ನನ್ನು ನೋಡಿ ಕೈ ಎತ್ತಿದರು, ನಗಲಿಲ್ಲ. ಅವರ ಹೆಂಡತಿ ನೀರು ತಂದರು.

"ಯಾವಾಗ ಇಳಿಸಿದ್ರಿ ಇದನ್ನ?" ಎಂದೆ.

"ನಿಮ್ಮನ್ನ ಕೇಳೇ ಇಳಿಸ್ಯಾರಲ್ರೀ," ಎಂದರು ಆಕೆ.

ಗುರುಗಳು ಒಳಗಿಂದ ತಮ್ಮ ಲಾಗ್ ತಂದು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಟ್ಯೂಬ್ ಬದಲಾದ ದಿನದ ಮುಂಜಾನೆ, ಗದ್ದಲದ ಕೊನೆಯ ಬೆಳಗು. ಅಂದು ತಾವು ಕಳಿಸಿದ್ದನ್ನು ಅವರು ಪೂರ್ತಿ ಬರೆದಿಟ್ಟಿದ್ದರು: ಮಗ ಮಾಳಿಗಿ ಮ್ಯಾಲ ಖೋಲಿ ಕಟ್ಟಸ್ತಾನ. ಕಂಬ ತಗೀಬೇಕಂತಾನ. ನೀ ಬ್ಯಾಡ ಅಂದ್ರ ತಗಿಯಾಂಗಿಲ್ಲ. ತಗೀಲೇನು? ಅದರ ಮುಂದೆ ನನ್ನ ಉತ್ತರ: ಸಿಕ್ಕಿತು, ಐದು-ಒಂಬತ್ತು-ಒಂಬತ್ತು, ಭಾಳ ಚಲೋ, ನಮಸ್ಕಾರ.

"ನಿಮಗ ದಿನಾ ಕುಂಡ್ರೂದು ಬ್ಯಾಸರಾಗೇತಿ ಅಂತ ತಿಳಕೊಂಡ್ರು," ಎಂದರು ಆಕೆ ಮೆಲ್ಲಗೆ. "ಅವತ್ತ ಉಪ್ಪಿಟ್ಟ ತಿನ್ಲಿಲ್ಲ."

ನಾನು ಎಲ್ಲ ಹೇಳಿದೆ. ಟ್ಯೂಬು, ಗದ್ದಲ, ಸೌಜನ್ಯ, ಆ ಒಂಬತ್ತು ದಿನ ಕೂಡ. ಮಾತು ತಡವರಿಸಿತು, ಒಂದೆರಡು ಸಲ ಅಳುವೂ ಬಂತು, ಐವತ್ತು ದಾಟಿದ ಗಂಡಸಿಗೆ. ಗುರುಗಳು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನಾಲ್ಕು ತಿಂಗಳ ಪುಟಗಳನ್ನು ತೆಗೆದು ನನ್ನ ಕೈಗೆ ಪೆನ್ಸಿಲ್ ಕೊಟ್ಟು, ಪಾಟಿಯ ಮೇಲೆ ಏನೋ ಬರೆದರು. ಪಾಟಿಯ ಮೇಲಿನದನ್ನು ಆಕೆ ಗಟ್ಟಿಯಾಗಿ ಓದುವುದು ಆ ಮನೆಯ ರೂಢಿ.

"ಖರೇ ಕೇಳಿಸಿದ್ದಕ್ಕ ಗುರ್ತ ಹಾಕು ಅನ್ನಾಕತ್ತಾರ್ರಿ."

ಹಾಕತೊಡಗಿದೆ. ನಾಲ್ಕೈದು ಖಾತ್ರಿ ಇದ್ದವು. ಆಮೇಲೆ ಕೈ ನಿಂತಿತು. ಮೊಮ್ಮಗಳ ಜಾವಳದ, ಅಂದರೆ ಮೊದಲ ಕೂದಲು ತೆಗೆಸಿದ, ಸುದ್ದಿ ನಾನು ಕೇಳಿದ್ದೆನೋ, ಈಗ ಈ ಪುಟದಲ್ಲಿ ಓದಿ ಕೇಳಿದೆ ಅನ್ನಿಸುತ್ತಿದೆಯೋ? ಕುರುಂದವಾಡದಲ್ಲಿ ಅವರ ತಂಗಿಯ ಮನೆಗೆ ಹೊಳೆ ನೀರು ಬಂದು ಹೋದದ್ದು? ಒಂದು ಗುರುತು ಹಾಕಿದೆ, ಅಳಿಸಿದೆ, ಮತ್ತೆ ಹಾಕಿದೆ. ನನ್ನ ಕಿವಿ ನನಗೇ ಸಾಕ್ಷಿ ಹೇಳದಾಯಿತು. ಕೊನೆಗೆ ಹದಿನಾಲ್ಕಕ್ಕೆ ಬಿಟ್ಟು ಪುಸ್ತಕ ತಿರುಗಿಸಿ ಕೊಟ್ಟೆ.

ಅವರು ಎಣಿಸಿದರು. ಪಾಟಿ ಒರೆಸಿ ಬರೆದರು. ಆಕೆ ಓದಿದರು.

"ಹಂಗಾರ ಉಳದ ದಿನಾ ನಾ ಯಾರ ಜೋಡಿ ಮಾತಾಡಿದ್ನಿ, ಅಂತಾರ್ರಿ."

"ಗೊತ್ತಿಲ್ರಿ ಸರ," ಎಂದೆ.

ಅವರು ಮೇಜಿನಿಂದ ಮರದ ಸ್ಕೇಲ್ ತೆಗೆದುಕೊಂಡರು. ನಾನು ಗುರುತು ಹಾಕದ ಸಾಲುಗಳನ್ನು ಮೇಲಿನಿಂದ ಒಂದೊಂದಾಗಿ, ಅಂಚು ತಪ್ಪದಂತೆ, ಹೊಡೆದುಹಾಕತೊಡಗಿದರು. ಸ್ಕೇಲ್ ಜಾರುತ್ತಿತ್ತು. ನಾನು ಪಕ್ಕಕ್ಕೆ ಸರಿದು ಅದರ ಇನ್ನೊಂದು ತುದಿಯನ್ನು ಒತ್ತಿ ಹಿಡಿದುಕೊಂಡು, ಪುಟ ಮುಗಿಯುವವರೆಗೆ ಕೂತೆ.