ಯಾರದ್ದೂ ಅಲ್ಲದ ಸ್ವರಲಿಪಿ

ನಮ್ಮ ಚಿಕ್ಕಪ್ಪ ಅಂಗಡಿಗಳಿಗೆ ಬೋರ್ಡು ಬರೆಯುವವನು. ಅದು ಹೊಟ್ಟೆಪಾಡು, ತಲೆ ಮಾತ್ರ ಲೋಕೋದ್ಧಾರಕ್ಕೆ ಮೀಸಲು. ಯಾರಿಗೂ ತಾಯ್ನುಡಿಯಲ್ಲದ, ಆದ್ದರಿಂದ ಯಾರಿಗೂ ಜಂಬ ತರದ ಹೊಸ ಭಾಷೆಯೊಂದನ್ನು ಅವನೂ ಅವನ ಗೆಳೆಯರೂ ಕಟ್ಟಿದ್ದರು. ಅದನ್ನು ಆಡುವವರೆಲ್ಲ ಒಂದೇ ಬೆಂಚಿನಲ್ಲಿ ಕೂರಬಹುದಿತ್ತು. ಅದರಲ್ಲಿ ಇನ್ನೂ ಒಂದು ಹಾಡೂ ಹುಟ್ಟಿರಲಿಲ್ಲ. ಆದರೂ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದ ಹಾಗೆ, ಆ ಭಾಷೆಯ ಹಾಡುಗಳಿಗೆ ಸ್ವರಲಿಪಿ ಮಾಡಲು ಹೊರಟರು.

ಮೊದಲ ಹಾಡು ಚಿಕ್ಕಮ್ಮನದು. ಅವಳ ಅಜ್ಜಿಯಿಂದ ಬಂದ, ಮಾತುಗಳೇ ಇಲ್ಲದ ಜೋಗುಳ. ಈಗ ಅವಳೊಬ್ಬಳಿಗೇ ಗೊತ್ತಿದ್ದದ್ದು. ಅವಳ ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಆಪರೇಷನ್ ಆದರೆ ಜೀವ ಉಳಿಯುತ್ತದೆ, ದನಿ ಹೋಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಷ್ಟರೊಳಗೆ ಹಾಡನ್ನು ಬರೆದಿಡುತ್ತೇನೆಂದು ಚಿಕ್ಕಪ್ಪ ಅವಳಿಗೆ ಮಾತು ಕೊಟ್ಟ.

ಈ ಗೆಳೆಯರ ಸಂಘದ ಸಭೆ ಅವನ ಅಂಗಡಿಯಲ್ಲೇ, ಪೇಂಟ್ ಡಬ್ಬಿಗಳ ಮೇಲೆ. ನಿಯಮ ಒಂದೇ: ಒಂದು ಚಿಹ್ನೆ ನೋಡಿ ಯಾರಾದರೂ 'ಇದು ಗೊತ್ತು' ಅಂದರೆ ಅದು ರದ್ದು. ಅಕ್ಷರ, ಅಂಕಿ ಮೊದಲ ದಿನವೇ ಹೋದವು. ಏರುದನಿಗೆ ಮೇಲೆ ಚುಕ್ಕಿ ಇಟ್ಟರೆ, "ಮೇಲೇ ಯಾಕೆ? ಕೆಳಗಿರೋರು ಏನು ಪಾಪ ಮಾಡಿದ್ರು?" ಎಂದ ಸಂಘದಲ್ಲಿದ್ದ ದರ್ಜಿ. ಎಡದಿಂದ ಬರೆದರೆ ಪಕ್ಷಪಾತ, ಬಲದಿಂದ ಬರೆದರೂ ಪಕ್ಷಪಾತ. ಕೊನೆಗೆ ಒಂದು ವೃತ್ತಕ್ಕೆ ಒಪ್ಪಿದರು. ಎಲ್ಲಿಂದ ಬೇಕಾದರೂ ಶುರುಮಾಡಿ ಯಾವ ಕಡೆಗಾದರೂ ಓದಬಹುದು. ಚಪ್ಪಾಳೆಯೋ ಚಪ್ಪಾಳೆ.

"ಫೋನಲ್ಲಿ ರೆಕಾರ್ಡ್ ಮಾಡಿದ್ರೆ ಆಗಲ್ವಾ?" ಎಂದು ಕೇಳಿದೆ.

"ಅದರಲ್ಲಿ ಅವಳ ದನಿ ಬಂದ್ಬಿಡುತ್ತಲ್ಲ! ಒಂದೇ ಮನೆ ವಾಸನೆ ಹೊಡೆಯುತ್ತೆ," ಎಂದ ಚಿಕ್ಕಪ್ಪ.

ನೆಟ್ಟಗೆ ಚಿಕ್ಕಮ್ಮನ ಹತ್ತಿರ ಹೋಗಿ ಫೋನ್ ಹಿಡಿದೆ. ಅವಳು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. "ಬೇಡ ಕಣೇ. ಅವರು ಬರೀತಾರಂತೆ." ಆ ನಂಬಿಕೆ ಕಂಡು ನನಗೆ ಮೈಯೆಲ್ಲ ಉರಿದುಹೋಯಿತು.

ಚಿಕ್ಕಪ್ಪ ಮಾತು ತಪ್ಪಲಿಲ್ಲ. ಆಪರೇಷನ್ನಿಗೆ ಮೊದಲೇ ಹಾಳೆ ಸಿದ್ಧವಾಯಿತು. ಆಪರೇಷನ್ ಮುಗಿದು ಅವಳು ಇನ್ನೂ ಆಸ್ಪತ್ರೆಯಲ್ಲಿದ್ದಾಗ ಸಂಘದವರು ಅದನ್ನು ನೋಡಿ ಹಾಡಿದರು. ದರ್ಜಿಯ ಬಾಯಲ್ಲಿ ಅದು ಹರಾಜಿನ ಕೂಗಾಯಿತು, ನಿವೃತ್ತ ಮೇಷ್ಟ್ರ ಬಾಯಲ್ಲಿ ಮಗ್ಗಿ. "ಅದಲ್ಲ, ಅದಲ್ಲ," ಎಂದು ಎದ್ದುನಿಂತ ಚಿಕ್ಕಪ್ಪನಿಗೂ ಅದು ಯಾವುದೆಂದು ಬಾಯಿಗೆ ಬರಲಿಲ್ಲ. ಇಷ್ಟು ವರ್ಷ ಅದು ಅವನ ಕಿವಿಗೆ ಬಿದ್ದಿತ್ತು, ಅಷ್ಟೆ.

ಹಾಳೆ ಹಿಡಿದು ಆಸ್ಪತ್ರೆಗೆ ಓಡಿದ. ಎಲ್ಲಿ ತಪ್ಪಿದೆಯೆಂದು ಅವಳು ಬೆರಳಿಟ್ಟು ತೋರಿಸಿಯಾಳು ಎಂಬ ಆಸೆ. ಕತ್ತಿಗೆ ಬ್ಯಾಂಡೇಜು ಸುತ್ತಿದ್ದ ಚಿಕ್ಕಮ್ಮ ಅದನ್ನು ಒಂದು ಸುತ್ತು ತಿರುಗಿಸಿದಳು, ಇನ್ನೊಂದು ಸುತ್ತು ತಿರುಗಿಸಿದಳು. ಆಮೇಲೆ ನರ್ಸ್ ಕೊಟ್ಟಿದ್ದ ಸ್ಲೇಟು ತೆಗೆದುಕೊಂಡು ಬರೆದಳು:

"ಚೆನ್ನಾಗಿದೆ ರೀ. ಯಾರ ಹಾಡು?"